ಹಾಸನದ ಮಳೆಗಾಲದಲ್ಲಿ ಡಿಪ್ ಕೋಟಿಂಗ್ ರೋಬೋಟ್

ನಮ್ಮ ಕಾಲೇಜಿನ ಪಾಲಿಮರ್ ಪ್ರಯೋಗಾಲಯಕ್ಕೆ ಬಂದಿರುವ ಈ ಸ್ವಯಂಚಾಲಿತ ಯಂತ್ರಕ್ಕೆ ಬೇಸರವೆಂಬುದಿಲ್ಲ. ಗಾಜಿನ ಪಟ್ಟಿಯ ಮೇಲೆ ತೆಳು ಪದರ ಕೂರಿಸಲು ಅದನ್ನು ಪಾಲಿಮರ್ ದ್ರಾವಣದಲ್ಲಿ ಮುಳುಗಿಸಿ, ನಿಮಿಷಕ್ಕೆ 60 ಮಿಲಿಮೀಟರ್ ಎಂದರೆ ಅಷ್ಟೇ ವೇಗದಲ್ಲಿ ಮೇಲೆತ್ತುತ್ತದೆ; ಒಣಗಿಸಿ, ಬೆಳಕಿನ ಪ್ರತಿಫಲನದಿಂದ ಪದರದ ದಪ್ಪ ಅಳೆದು ಬರೆದಿಡುತ್ತದೆ. ಈ ಕೆಲಸದಲ್ಲಿ ವೇಗವೇ ಮುಖ್ಯ. ಎತ್ತುವ ವೇಗ ತೀರಾ ಕಡಿಮೆ ಇಲ್ಲದಿದ್ದರೆ, ಅದನ್ನು ಎರಡು ಪಟ್ಟು ಮಾಡಿದಾಗ ಹಸಿ ಪದರ ಸುಮಾರು 1.6 ಪಟ್ಟು ದಪ್ಪವಾಗುತ್ತದೆ. ಇದು ವಿಜ್ಞಾನಿಗಳಾದ ಲಾಂಡೌ ಮತ್ತು ಲೆವಿಚ್ 1942ರಲ್ಲಿ ಕೊಟ್ಟ ಲೆಕ್ಕ. ಕೈಯಿಂದ ಎತ್ತುವ ವಿದ್ಯಾರ್ಥಿ ನಡುವೆ ಒಮ್ಮೆ ತಡೆದರೂ ಗಾಜಿನ ಮೇಲೆ ಅಡ್ಡಗೆರೆ ಮೂಡುತ್ತದೆ. ಯಂತ್ರ ಮಾಡಿದ ಪದರಗಳಲ್ಲಿ ಆ ಗೆರೆ ಕಂಡಿಲ್ಲ.

ಹೊಗಳಿಕೆ ಇಷ್ಟು. ಆಷಾಢದಲ್ಲಿ ಬಣ್ಣ ಬಯಲಾಯಿತು. ಸಕಲೇಶಪುರದ ಕಡೆಯಿಂದ ಮೋಡ ಕವಿದು ಕೊಠಡಿಯ ತೇವಾಂಶ ಶೇ. 85 ದಾಟಿದ ದಿನಗಳಲ್ಲಿ ಪಿಎಂಎಂಎ ಎಂಬ ಪಾರದರ್ಶಕ ಪ್ಲಾಸ್ಟಿಕ್‌ನ ಪದರಗಳು ಹಾಲಿನಂತೆ ಬೆಳ್ಳಗಾದವು. ಅದನ್ನು ಕರಗಿಸಿದ ಕ್ಲೋರೋಫಾರ್ಮ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿನ ನೀರು ಅಲ್ಲಿ ಹನಿಗಟ್ಟುತ್ತದೆ, ಪಾಲಿಮರ್ ಸೂಕ್ಷ್ಮ ರಂಧ್ರಗಳ ಸಮೇತ ಗಟ್ಟಿಯಾಗುತ್ತದೆ. ಯಂತ್ರವಾದರೋ ಅದಕ್ಕೂ ಒಂದು ದಪ್ಪ ಬರೆದು ಮುಂದಿನ ಗಾಜಿಗೆ ಕೈಹಾಕುತ್ತದೆ! ಸುತ್ತಲಿನ ಪೆಟ್ಟಿಗೆ ಧೂಳು ತಡೆಯಲಷ್ಟೇ ಸಾಕು. ಅದೂ ಅಕ್ರಿಲಿಕ್, ಅಂದರೆ ಪಿಎಂಎಂಎಯೇ. ಕ್ಲೋರೋಫಾರ್ಮ್ ಸಿಡಿದರೆ ಪೆಟ್ಟಿಗೆಯೂ ಕರಗುತ್ತದೆ. ಇದನ್ನು ಯೋಚಿಸಿದ ಪುಣ್ಯಾತ್ಮ ಯಾರೋ. ತೇವಾಂಶ ದೂರವಿಡಲು ಒಣ ನೈಟ್ರೋಜನ್ ಹಾಯಿಸುವ ಜೋಡಣೆಗೆ ಬೇರೆ ದುಡ್ಡು ಕೇಳುತ್ತಾರೆ.

ಕರೆಂಟು ಹೋದರೆ ಗಾಜು ಅರ್ಧ ಮುಳುಗಿದಂತೆಯೇ ನಿಲ್ಲುತ್ತದೆ. ಯುಪಿಎಸ್ ಇಲ್ಲದೆ ಇದನ್ನು ಶುರು ಮಾಡಲೇಬೇಡಿ.

ಮಾರುವವರ ಕೈಪಿಡಿಯಲ್ಲಿ ‘ತಾನೇ ಕಲಿಯುವ ಪ್ರಯೋಗಾಲಯ’ ಎಂದಿದೆ. ಅದು ಅತಿಯಾಯಿತು. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಪಾಲಿಬಾಟ್ ಎಂಬ ಸ್ವಯಂಚಾಲಿತ ವ್ಯವಸ್ಥೆ ವಿದ್ಯುತ್ ಹರಿಸುವ ಪಾಲಿಮರ್ ಪದರವನ್ನು ಮಾಡಿ, ಅಳೆದು, ಫಲಿತಾಂಶದ ಮೇಲೆ ಮುಂದಿನ ಪ್ರಯೋಗ ಯಾವುದೆಂದು ತಾನೇ ಆರಿಸುತ್ತದೆ. ನಮ್ಮದು ನಾವು ಕೊಟ್ಟ ಪಟ್ಟಿಯನ್ನು ಮುಗಿಸುತ್ತದೆ. ಹತ್ತು ಪದರ ಬೆಳ್ಳಗಾದರೂ ಹನ್ನೊಂದನೆಯದನ್ನು ಹಾಗೆಯೇ ಮಾಡುತ್ತದೆ.

ಬೇಸಿಗೆಯಲ್ಲಿ ನಾಲ್ಕು ನಕ್ಷತ್ರ, ಮಳೆಗಾಲದಲ್ಲಿ ಎರಡು. ನೀರಿನಲ್ಲಿ ಕರಗುವ ಪಿವಿಎ ಎಂಬ ಪಾಲಿಮರ್ ಬಳಸುವವರು ಧೈರ್ಯವಾಗಿ ಕೊಳ್ಳಬಹುದು. ಒಣಗುವುದು ನಿಧಾನ, ಆದರೆ ಈ ಬಿಳಿಯ ಕಾಟವಿಲ್ಲ. ಉಳಿದವರು ಮುಂಗಡ ಕಟ್ಟುವ ಮೊದಲು ನೈಟ್ರೋಜನ್ ಜೋಡಣೆಯ ಬೆಲೆಯನ್ನು ದರಪಟ್ಟಿಯಲ್ಲೇ ಸೇರಿಸಿ ಬರೆಸಿಕೊಳ್ಳಿ.