ಲೇಸರ್ ಶೋ ಪ್ರೊಜೆಕ್ಟರಿಗೆ ಬದಲಿ ಸ್ಕ್ಯಾನರ್: 30ಕೆ ಗ್ಯಾಲ್ವೋ ಸೆಟ್ ಕೊಳ್ಳಬಹುದೇ?

ಮದುವೆ, ಆರ್ಕೆಸ್ಟ್ರಾ, ಗಣೇಶನ ಮೆರವಣಿಗೆ ಎಂದು ಬಾಡಿಗೆಗೆ ಓಡಾಡುವ ಲೇಸರ್ ಪ್ರೊಜೆಕ್ಟರಿನಲ್ಲಿ ಒಂದು ಕ್ಷಣವೂ ಬಿಡುವಿಲ್ಲದೆ ದುಡಿಯುವ ಭಾಗ ಸ್ಕ್ಯಾನರ್, ಅಂದರೆ ಎರಡು ಪುಟ್ಟ ಕನ್ನಡಿಗಳಿಂದ ಕಿರಣವನ್ನು ಓಡಾಡಿಸಿ ಚಿತ್ರ ಬಿಡಿಸುವ ಭಾಗ. ಅದು ಕೆಟ್ಟಾಗ ಹೆಚ್ಚಿನವರ ಕೈಗೆಟುಕುವುದು ಆನ್‌ಲೈನಿನಲ್ಲಿ ಸಿಗುವ, ಹೆಸರಿಲ್ಲದ ಚೀನೀ 30ಕೆ (ಸೆಕೆಂಡಿಗೆ 30,000 ಬಿಂದು) ಗ್ಯಾಲ್ವೋ (ಕನ್ನಡಿಯನ್ನು ಅತಿವೇಗವಾಗಿ ಆಚೀಚೆ ತಿರುಗಿಸುವ ಮೋಟಾರು) ಸೆಟ್: ಎರಡು ಮೋಟಾರು, ಎರಡು ಡ್ರೈವರ್ ಬೋರ್ಡು, ಅಲ್ಯೂಮಿನಿಯಂ ಬ್ಲಾಕು, ಪವರ್ ಸಪ್ಲೈ, ಕೇಬಲ್‌ಗಳು. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಇಡೀ ಸೆಟ್ಟಾಗಿ ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದೇ ಮೋಟಾರನ್ನು ಬಿಡಿಯಾಗಿ ಕೊಂಡು ಹಳೇ ಬೋರ್ಡಿಗೆ ಜೋಡಿಸಿದರೆ ದುಡ್ಡೂ ದಂಡ, ಸಮಯವೂ ದಂಡ. ಪ್ರತಿ ಬೋರ್ಡನ್ನೂ ಅದರದೇ ಮೋಟಾರು ಮತ್ತು ಕನ್ನಡಿಯ ತೂಕಕ್ಕೆ ಹೊಂದಿಸಿರುತ್ತಾರೆ. ಕಿರಣವನ್ನು ಮೇಲೆ ಕೆಳಗೆ ಆಡಿಸುವ ವೈ ಕನ್ನಡಿ, ಅಡ್ಡಕ್ಕೆ ಆಡಿಸುವ ಎಕ್ಸ್ ಕನ್ನಡಿಗಿಂತ ದೊಡ್ಡದು, ಹಾಗಾಗಿ ಒಂದೇ ಸೆಟ್ಟಿನ ಎರಡು ಬೋರ್ಡುಗಳನ್ನೂ ಅದಲುಬದಲು ಮಾಡುವಂತಿಲ್ಲ.

ಆದರೆ ಆರ್ಡರ್ ಹಾಕುವ ಮುನ್ನ ತಪ್ಪು ಸ್ಕ್ಯಾನರಿನದೇ ಎಂದು ಖಚಿತವಾಗಬೇಕು. ಮುಚ್ಚಳ ತೆಗೆದ ಮೇಲೆ ಮೊದಲು ನೋಡಬೇಕಾದ್ದು ನಿಮ್ಮಲ್ಲಿರುವುದು ನಿಜಕ್ಕೂ ಗ್ಯಾಲ್ವೋನೇ ಎಂಬುದನ್ನು. ಅಗ್ಗದ ಎಷ್ಟೋ ಪೆಟ್ಟಿಗೆಗಳಲ್ಲಿ ಸ್ಟೆಪ್ಪರ್ ಮೋಟಾರಿಗೆ ಕನ್ನಡಿ ಅಂಟಿಸಿರುತ್ತಾರೆ. ಅದರ ಮೇನ್ ಬೋರ್ಡು ಗ್ಯಾಲ್ವೋಗೆ ಬೇಕಾದ ಸಿಗ್ನಲ್ ಕೊಡುವುದಿಲ್ಲ, ಈ ಸೆಟ್ಟು ಅಲ್ಲಿಗೆ ಸಲ್ಲದು.

ಚಿತ್ರ ಕುಗ್ಗಿ ಒಂದೇ ನಿಂತ ಗೆರೆಯಾದರೆ ಎಕ್ಸ್ ಸತ್ತಿದೆ, ಮಲಗಿದ ಗೆರೆಯಾದರೆ ವೈ. ಪವರ್ ಆಫ್ ಮಾಡಿ, ಬೋರ್ಡುಗಳಿಗೆ ಬರುವ ಮೂರು ತಂತಿಯ ಸಿಗ್ನಲ್ ಪ್ಲಗ್ಗುಗಳನ್ನು ಮಾತ್ರ ಪರಸ್ಪರ ಬದಲಿಸಿ, ಮತ್ತೆ ಆನ್ ಮಾಡಿ. ಸಮಸ್ಯೆ ಇನ್ನೊಂದು ಅಕ್ಷಕ್ಕೆ ಹಾರಿದರೆ ಗ್ಯಾಲ್ವೋ ಸರಿಯಿದೆ, ಕೆಟ್ಟಿರುವುದು ಸಿಗ್ನಲ್ ಕೊಡುವ ಕಾರ್ಡು ಅಥವಾ ಇಲ್ಡಾ ಕೇಬಲ್ (ಲೇಸರ್ ಶೋ ಸಂಘಟನೆ ಇಲ್ಡಾದ ಮಾನದಂಡದಂತೆ ಪ್ರೊಜೆಕ್ಟರಿಗೆ ಸಿಗ್ನಲ್ ತರುವ ಕೇಬಲ್). 25 ಪಿನ್ನಿನ ಇಲ್ಡಾ ಸಾಕೆಟ್ಟಿನಲ್ಲಿ ಎಕ್ಸ್‌ಗೆ 1 ಮತ್ತು 14, ವೈಗೆ 2 ಮತ್ತು 15ನೇ ಪಿನ್ನುಗಳು. ಅಲ್ಲಿ ಒಂದು ಬೆಸುಗೆ ಬಿಟ್ಟಿದ್ದರೂ ಚಿತ್ರದ ಅಳತೆ ಅರ್ಧಕ್ಕಿಳಿಯುತ್ತದೆ. ಸಮಸ್ಯೆ ಇದ್ದಲ್ಲೇ ಉಳಿದರೆ ಸಪ್ಲೈ ಅಳೆಯಿರಿ. ±15 ವೋಲ್ಟಿನಲ್ಲಿ ಒಂದು ಬದಿ ಇಲ್ಲವಾದರೂ ಕನ್ನಡಿ ಮೂಲೆಗೆ ಹೋಗಿ ನಿಲ್ಲುತ್ತದೆ, ಮತ್ತು ಎಷ್ಟೋ ಜನ ಒಂದು ಫ್ಯೂಸು ಬದಲಿಸಿದರೆ ಮುಗಿಯುತ್ತಿದ್ದ ಕಡೆ ಹೊಸ ಸೆಟ್ಟನ್ನೇ ತರಿಸುತ್ತಾರೆ. ನಂತರ ಪ್ಲಗ್ ಕಳಚಿ ಎರಡೂ ಮೋಟಾರುಗಳ ಕಾಯಿಲ್ ಅಳೆಯಿರಿ: ಕೆಲವೇ ಓಮ್ ಇರಬೇಕು, ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು.

ಸಪ್ಲೈ, ಕಾಯಿಲ್ ಎರಡೂ ಸರಿಯಿದ್ದು, ಆನ್ ಮಾಡಿದೊಡನೆ ಕನ್ನಡಿ ಒಂದು ಬದಿಗೆ ಬಡಿದು ಅಲ್ಲೇ ಬಿಸಿಯಾಗುತ್ತಿದ್ದರೆ ಸಂಶಯ ಪೊಸಿಷನ್ ಸೆನ್ಸರಿನ ಮೇಲೆ. ಮೋಟಾರಿನ ಬಾಲದಲ್ಲಿರುವ ಪುಟ್ಟ ಎಲ್‌ಇಡಿ ಮತ್ತು ಫೋಟೋಡಯೋಡುಗಳು ಮೋಟಾರಿನ ಶಾಫ್ಟ್ ಎಷ್ಟು ತಿರುಗಿದೆ ಎಂದು ಬೋರ್ಡಿಗೆ ತಿಳಿಸುತ್ತಿರುತ್ತವೆ. ಆ ಸುದ್ದಿ ನಿಂತರೆ ಬೋರ್ಡು ಕುರುಡಾಗಿ ತಳ್ಳುತ್ತಲೇ ಇರುತ್ತದೆ. ಮೊದಲು ಸೆನ್ಸರಿನ ಕೇಬಲ್ಲನ್ನು ಬಗ್ಗಿಸಿ ನೋಡಿ, ಅದು ತುಂಡಾಗಿರುವುದೂ ಉಂಟು. ವೃತ್ತ ಎರಡೆರಡಾಗಿ, ನಡುಗುತ್ತಾ ಕಂಡರೆ ಬೇರಿಂಗ್ ಸವೆದಿದೆ ಅಥವಾ ಕನ್ನಡಿಯ ಅಂಟು ಬಿಟ್ಟಿದೆ. ಅಂಟು ಮತ್ತೆ ಹಾಕಬಹುದು, ಬೇರಿಂಗಿಗೆ ಮನೆಮದ್ದಿಲ್ಲ. ಚಿತ್ರ ಮಸುಕಾಗಿದೆಯೆಂದು ಸ್ಕ್ಯಾನರನ್ನು ಬದಲಿಸಲು ಹೋಗಬೇಡಿ. ಫಾಗ್ ಮೆಷಿನ್ನಿನ ಹೊಗೆಯ ಜಿಡ್ಡು ಕನ್ನಡಿಗೆ ಕೂತಿರುತ್ತದೆ. ಲೆನ್ಸ್ ಪೇಪರಿಗೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒಂದೇ ದಿಕ್ಕಿನಲ್ಲಿ ಒಮ್ಮೆ ಎಳೆದರೆ ಸಾಕು. ಲೇಪನ ಮೇಲ್ಮೈಯಲ್ಲೇ ಇರುವುದರಿಂದ ಉಜ್ಜಿದರೆ ಹೋಯಿತು.

ಇನ್ನು ಸೆಟ್ ಕೂರಿಸುವುದು. ಜೊತೆಗೆ ಬರುವ ಪವರ್ ಸಪ್ಲೈ ಈ ಸೆಟ್ಟಿನ ದುರ್ಬಲ ಅಂಗ. ಹಾಗೆಂದು ಹಳೆಯದನ್ನೇ ಇಟ್ಟುಕೊಳ್ಳುವುದಾದರೆ ವೋಲ್ಟೇಜು ಒಂದೇ ಎಂದು ನೋಡಿಕೊಳ್ಳಿ. ±15 ಕೇಳುವ ಬೋರ್ಡಿಗೆ ±24 ಕೊಟ್ಟರೆ ಉಳಿಯುವುದಿಲ್ಲ. ಬೋರ್ಡಿನ ಪವರ್ ಐಸಿಯನ್ನು ಪೆಟ್ಟಿಗೆಯ ಮೈಗೆ ಬಿಗಿಯುವಾಗ ನಡುವೆ ಮೈಕಾ ಹಾಳೆ ಮತ್ತು ಹೀಟ್‌ಸಿಂಕ್ ಪೇಸ್ಟ್ ಎರಡೂ ಬೇಕು, ಏಕೆಂದರೆ ಇಂಥ ಹಲವು ಐಸಿಗಳ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ. ಬಿಗಿದ ಮೇಲೆ ಐಸಿಯ ಬೆನ್ನಿಗೂ ಪೆಟ್ಟಿಗೆಗೂ ಶಾರ್ಟ್ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿಯೇ ಆನ್ ಮಾಡಿ. ಮೋಟಾರನ್ನು ಬ್ಲಾಕಿನಲ್ಲಿ ಹಿಡಿಯುವ ಸ್ಕ್ರೂ ಅತಿಯಾಗಿ ಬಿಗಿದರೆ ಮೈ ಅದುಮಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಲೇಸರ್ ಮೊದಲು ಎಕ್ಸ್ ಕನ್ನಡಿಯ ನಟ್ಟನಡುವೆ ಬೀಳಬೇಕು, ಅಲ್ಲಿಂದ ವೈಗೆ. ನಡು ಹೊಂದಿಸುವಾಗ ಗ್ಯಾಲ್ವೋಗೆ ಪವರ್ ಇರಬೇಕು, ಸಿಗ್ನಲ್ ಸೊನ್ನೆಯಲ್ಲಿರಬೇಕು. ಆಗ ಮಾತ್ರ ಕನ್ನಡಿ ತನ್ನ ನಿಜವಾದ ನಡುವಿನಲ್ಲಿ ನಿಲ್ಲುತ್ತದೆ, ಮೋಟಾರಿನ ಮೈ ತಿರುಗಿಸಿ ಹೊಂದಿಸಬಹುದು. ಚಿತ್ರ ಕನ್ನಡಿಯೊಳಗಿನ ಬಿಂಬದಂತೆ ತಿರುಗಿದ್ದರೆ ಅದು ದೋಷವಲ್ಲ, ಆ ಅಕ್ಷದ ಪ್ಲಸ್ ಮೈನಸ್ ಸಿಗ್ನಲ್ ತಂತಿ ಬದಲಿಸಿ.

ಕಾರ್ಖಾನೆಯಲ್ಲಿ ಮಾಡಿ ಕಳಿಸಿದ ಟ್ಯೂನಿಂಗ್ ಸಾಮಾನ್ಯವಾಗಿ ನಡೆಯುತ್ತದೆ, ಅಗತ್ಯವಿಲ್ಲದೆ ಪ್ರಿಸೆಟ್ (ಬೋರ್ಡಿನ ಮೇಲಿನ ಹೊಂದಾಣಿಕೆಯ ಪುಟ್ಟ ತಿರುಪು) ಮುಟ್ಟಬೇಡಿ. ಮುಟ್ಟಲೇಬೇಕಾದರೆ ಮೊದಲು ಅವುಗಳ ಸ್ಥಾನವನ್ನು ಪೆನ್ನಿನಲ್ಲಿ ಗುರುತು ಮಾಡಿ. ಗೋಡೆಯಿಂದ 3 ಮೀಟರ್ ದೂರದಲ್ಲಿ ಚಿತ್ರದ ಅಗಲ 42 ಸೆಂ.ಮೀ. ಇಟ್ಟರೆ ಅದು 8 ಡಿಗ್ರಿ. ಅದೇ ಅಳತೆಯಲ್ಲಿ ಇಲ್ಡಾ ಪರೀಕ್ಷಾ ಚಿತ್ರವನ್ನು 30ಕೆ ವೇಗದಲ್ಲಿ ಓಡಿಸಿ. ನಡುವಿನ ವೃತ್ತ ಚೌಕದೊಳಗೆ ಕೂತು ನಾಲ್ಕೂ ಬದಿಗೆ ತಾಗಬೇಕು. ವೃತ್ತ ಚಿಕ್ಕದಾದರೆ ಸ್ಕ್ಯಾನರ್ ಅಷ್ಟು ವೇಗ ತಾಳುತ್ತಿಲ್ಲ. ಚೌಕದ ಮೂಲೆಗಳಲ್ಲಿ ಗೆರೆ ಆಚೆ ಹಾರಿ ಸುರುಳಿಯಾದರೆ ಡ್ಯಾಂಪಿಂಗ್ (ಕನ್ನಡಿಯ ತೂಗಾಟಕ್ಕೆ ಹಾಕುವ ತಡೆ) ಕಡಿಮೆ, ಮೂಲೆ ದುಂಡಗಾದರೆ ಡ್ಯಾಂಪಿಂಗ್ ಹೆಚ್ಚು ಅಥವಾ ಸರ್ವೋ ಗೇನ್ (ಬೋರ್ಡು ಕನ್ನಡಿಯನ್ನು ತಳ್ಳುವ ಬಿರುಸು) ಸಾಲದು. ಗೇನ್ ಏರಿಸುವಾಗ ಕೂದಲೆಳೆಯಷ್ಟೇ ತಿರುಗಿಸಿ. ಕೀರಲು ಸದ್ದು ಬಂತೋ, ಆ ಕ್ಷಣವೇ ಪವರ್ ತೆಗೆಯಿರಿ, ಇಲ್ಲವಾದರೆ ಕಾಯಿಲ್ ಸುಡುತ್ತದೆ.

ಅಂಗಡಿಯವರು 30ಕೆ ಎಂದರೆ 'ಎಷ್ಟು ಡಿಗ್ರಿಯಲ್ಲಿ?' ಎಂದು ಕೇಳಿ. ಕೋನ ಹೇಳದ ವೇಗಕ್ಕೆ ಅರ್ಥವಿಲ್ಲ. ಈ ಸೆಟ್ಟುಗಳಲ್ಲಿ 30 ಡಿಗ್ರಿಗೂ ಅಗಲವಾದ ಬೀಮ್ ಶೋ ಮಾಡುವಾಗ ಸಾಫ್ಟ್‌ವೇರಿನಲ್ಲಿ ವೇಗವನ್ನು ಖಂಡಿತ ಇಳಿಸಬೇಕು. ಅಗಲವೂ ಬೇಕು, ಸಣ್ಣ ಅಕ್ಷರವೂ ಚೊಕ್ಕವಾಗಿ ಬೇಕು ಎನ್ನುವವರು ಅಮೆರಿಕದ ಪ್ಯಾಂಗೊಲಿನ್ ಕಂಪನಿಯ ಸ್ಕ್ಯಾನರ್‌ಮ್ಯಾಕ್ಸ್ ಸಾಲಿನ ಕಡೆ ನೋಡಬೇಕು. ಅದರ ಬೆಲೆಯ ಅಂತಸ್ತೇ ಬೇರೆ. ಬಾಡಿಗೆ ಕೆಲಸಕ್ಕೆ, ಹೆಸರು ಮತ್ತು ಲೋಗೊ ತೋರಿಸುವುದಕ್ಕೆ ಈ ಸೆಟ್ಟೇ ಸಾಕು.

ಮೇಲಿನ ಪರೀಕ್ಷೆಗಳೆಲ್ಲ ಕಡಿಮೆ ಪವರಿನಲ್ಲಿ, 5 ಮಿಲಿವಾಟಿಗಿಂತ ಕೆಳಗೆ, ಆ ಬಣ್ಣದ ತರಂಗಾಂತರಕ್ಕೆ ತಕ್ಕ ಕನ್ನಡಕ ಹಾಕಿಕೊಂಡೇ ಆಗಬೇಕು. 500 ಮಿಲಿವಾಟ್ ದಾಟಿದ ಲೇಸರ್ 4ನೇ ದರ್ಜೆಯದು, ಗೋಡೆಯಿಂದ ಚದುರಿ ಬಂದ ಬೆಳಕೂ ಕಣ್ಣಿಗೆ ಅಪಾಯ ತರಬಲ್ಲದು. ಹಳೇ ಬೋರ್ಡಿನಿಂದ ಸ್ಕ್ಯಾನ್ ಫೇಲ್ ಸೇಫ್ಟಿಗೆ (ಕನ್ನಡಿ ನಿಂತೊಡನೆ ಲೇಸರ್ ಆರಿಸುವ ವ್ಯವಸ್ಥೆಗೆ) ಹೋಗುತ್ತಿದ್ದ ತಂತಿಗಳನ್ನು ಹೊಸದಕ್ಕೆ ಜೋಡಿಸದೆ ಬಿಡುವವರಿದ್ದಾರೆ. ದಯವಿಟ್ಟು ಬಿಡಬೇಡಿ. ಸ್ಕ್ಯಾನರ್ ನಿಂತರೆ ಇಡೀ ಬೀಮ್ ಜನರ ನಡುವೆ ಒಂದೇ ಬಿಂದುವಿನಲ್ಲಿ ನಿಲ್ಲುತ್ತದೆ. ಚಿತ್ರ ಓಡುತ್ತಿರುವಾಗ ಗ್ಯಾಲ್ವೋ ಸಪ್ಲೈ ಮಾತ್ರ ಕಡಿತ ಮಾಡಿ ನೋಡಿ. ಲೇಸರ್ ತಕ್ಷಣ ಆರದಿದ್ದರೆ ಆ ಪೆಟ್ಟಿಗೆಯನ್ನು ಶೋಗೆ ಕಳಿಸಬೇಡಿ.