ಎರಡು ವರ್ಷ ನಿಂತಿದ್ದ ಕಾರು, ಕೀ ಮುಟ್ಟಲು ಬಿಡದ ಮೆಕ್ಯಾನಿಕ್

ಮನೆಗೇ ಬಂದು ಕಾರು ರಿಪೇರಿ ಮಾಡಿಕೊಡುವ ಒಂದು ಸರ್ವಿಸ್ ಬಗ್ಗೆ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟಿದ್ದೇನೆ. ಐದನೆಯದು ಎಲ್ಲಿ ಹೋಯಿತು ಅಂತ ಕೊನೆಗೆ ಹೇಳುತ್ತೇನೆ.

ಕೆಲಸದ ಮೇಲೆ ಬೇರೆ ಕಡೆ ಇದ್ದೆ, ಹಾಗಾಗಿ ಕಾರು 26 ತಿಂಗಳು ಶೆಡ್ಡಿನಲ್ಲೇ ನಿಂತಿತ್ತು. ಪೆಟ್ರೋಲ್ ಗಾಡಿ. ಅರ್ಧ ಟ್ಯಾಂಕ್ ಪೆಟ್ರೋಲ್ ಹಾಗೇ ಬಿಟ್ಟು ಹೋಗಿದ್ದೆ, ಹ್ಯಾಂಡ್‌ಬ್ರೇಕ್ ಬೇರೆ ಗಟ್ಟಿಯಾಗಿ ಎಳೆದಿಟ್ಟಿದ್ದೆ. ಎರಡೂ ತಪ್ಪು ಅಂತ ಗೊತ್ತಾಗಿದ್ದು ಈಗ. ವಾಪಸ್ ಬಂದು ರಿಮೋಟ್ ಒತ್ತಿದರೆ ಗಾಡಿಗೆ ಉಸಿರೇ ಇಲ್ಲ. ಮೊದಲು ಬೇರೆ ಒಬ್ಬರನ್ನು ಕರೆಸಿದ್ದೆ. ಅವರು ಬಂದವರೇ ಜಂಪ್ ಸ್ಟಾರ್ಟರ್ (ಸತ್ತ ಬ್ಯಾಟರಿಯ ಗಾಡಿಗೆ ಹೊರಗಿನಿಂದ ಕರೆಂಟ್ ಕೊಟ್ಟು ಸ್ಟಾರ್ಟ್ ಮಾಡಿಸುವ ಡಬ್ಬಿ) ತೆಗೆದು "ಐದು ನಿಮಿಷದ ಕೆಲಸ ಸಾರ್" ಅಂದರು. ನೋಡಿದರೆ ಆ ಜಂಪ್ ಸ್ಟಾರ್ಟರಿನಲ್ಲೇ ಚಾರ್ಜ್ ಇರಲಿಲ್ಲ. ನಾಳೆ ಬರುತ್ತೇನೆ ಅಂತ ಹೋದವರು ಬರಲೇ ಇಲ್ಲ. ಅವತ್ತು ಚೆನ್ನಾಗಿ ಬೈದುಕೊಂಡೆ. ಈಗ ಅವರಿಗೆ ಒಂದು ಥ್ಯಾಂಕ್ಸ್ ಹೇಳಬೇಕು ಅನ್ನಿಸುತ್ತದೆ.

ಆಮೇಲೆ ಬಂದವರೇ ಈ ಸರ್ವಿಸ್‌ನವರು. ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಗಿ ಬಂದರು, ಅದನ್ನೂ ಹೇಳಿಬಿಡಬೇಕು. ಆದರೆ ಮೆಕ್ಯಾನಿಕ್ ಮಾಡಿದ ಮೊದಲ ಕೆಲಸ ನನಗೆ ಹಿಡಿಸಿತು. ಕೀ ಈಸಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. "ನಾನು ಹೇಳೋವರೆಗೂ ಸೆಲ್ಫ್ ಹೊಡೆಯೋ ಹಾಗಿಲ್ಲ ಸಾರ್. ಒಳಗೆ ಏನಿದೆ ಅಂತ ಮೊದಲು ನೋಡೋಣ."

ಒಳಗೆ ಇಲಿ ಸಂಸಾರ ಮಾಡಿತ್ತು. ಏರ್ ಫಿಲ್ಟರ್ ಡಬ್ಬಿ ತೆಗೆದರೆ ಒಣಗಿದ ಎಲೆ, ಪೇಪರ್ ಚೂರು, ಎಲ್ಲಿಂದಲೋ ತಂದ ಸ್ಪಂಜು. ಫಿಲ್ಟರಿನ ಒಂದು ಮೂಲೆಯನ್ನು ಕಡಿದು ಹೆಬ್ಬೆರಳು ತೂರುವಷ್ಟು ತೂತು ಮಾಡಿತ್ತು. ಸೀದಾ ಸ್ಟಾರ್ಟ್ ಮಾಡಿದ್ದರೆ ಆ ಕಸವನ್ನೆಲ್ಲ ಎಂಜಿನ್ ಆ ತೂತಿನಿಂದ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಪಕ್ಕದಲ್ಲೇ ಇಂಜೆಕ್ಟರಿಗೆ ಹೋಗುವ ಒಂದು ವೈರ್ ತಾಮ್ರ ಕಾಣುವ ತನಕ ಕಡಿದಿತ್ತು. ವೈರ್ ಸರಿ ಮಾಡಿ ಹೊಸ ಫಿಲ್ಟರ್ ಹಾಕುವ ಹೊತ್ತಿಗೆ ಮುಕ್ಕಾಲು ಗಂಟೆ ಆಗಿತ್ತು.

ಬ್ಯಾಟರಿಗೆ ಮಲ್ಟಿಮೀಟರ್ ಇಟ್ಟರೆ 7.9 ವೋಲ್ಟ್ ತೋರಿಸಿತು. ಫುಲ್ ಚಾರ್ಜ್ ಆಗಿದ್ದರೆ 12.6ರ ಆಸುಪಾಸು ಇರಬೇಕು. ಜಂಪ್ ಕೊಟ್ಟು ಓಡಿಸಿದರೆ ಚಾರ್ಜ್ ಆಗುವುದಿಲ್ಲವಾ ಅಂತ ಕೇಳಿದೆ. ಆಲ್ಟರ್ನೇಟರ್ ಇರುವುದು ಚೆನ್ನಾಗಿರುವ ಬ್ಯಾಟರಿಯನ್ನು ಚೆನ್ನಾಗಿ ಇಡುವುದಕ್ಕೆ, ಸತ್ತಿದ್ದನ್ನು ಬದುಕಿಸುವುದಕ್ಕಲ್ಲ, ಹಾಗೆ ದುಡಿಸಿದರೆ ಅದೂ ಸುಡುತ್ತದೆ ಅಂದರು. ಇಷ್ಟು ಇಳಿದು ತಿಂಗಳುಗಟ್ಟಲೆ ಬಿದ್ದಿದ್ದರೆ ಒಳಗಿನ ಸೀಸದ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದಂತೆ. ಹೊಸ ಬ್ಯಾಟರಿ ಹಾಕಿಸಿದೆ. ಇಲ್ಲಿ ಚೌಕಾಸಿ ಮಾಡಲಿಲ್ಲ.

ಮುಂದಿನ ಕೆಲಸಕ್ಕೆ ಗಾಡಿಯನ್ನು ಶೆಡ್ಡಿನಿಂದ ಆಚೆ ತಳ್ಳಬೇಕಿತ್ತು. ಪೆಟ್ರೋಲ್ ಆವಿ ಒಂದು ಕಡೆ, ಮುಚ್ಚಿದ ಜಾಗದಲ್ಲಿ ಎಂಜಿನ್ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಇನ್ನೊಂದು ಕಡೆ. ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್ ಮಾಡಿ, ಇಬ್ಬರೂ ತಳ್ಳಿದರೂ ಗಾಡಿ ಒಂದಿಂಚು ಕದಲಲಿಲ್ಲ. ಹಿಂದಿನ ಬ್ರೇಕ್ ಶೂಗಳು ಡ್ರಮ್ಮಿಗೇ ಅಂಟಿಕೊಂಡಿದ್ದವು. ಜಾಕ್ ಕೊಟ್ಟು, ಸ್ಟ್ಯಾಂಡ್ ಇಟ್ಟು, ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ನಿಧಾನವಾಗಿ ತಟ್ಟುತ್ತಾ ಹೋದರು. ಬಲಗಡೆಯದು ಬೇಗ ಬಿಟ್ಟಿತು. ಎಡಗಡೆಯದು ಅರ್ಧ ಗಂಟೆ ಸತಾಯಿಸಿ ಕೊನೆಗೆ ಟಕ್ ಅಂತ ಬಿಟ್ಟುಕೊಂಡಿತು. ಜಾಸ್ತಿ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬೇಡ, ಗೇರಿನಲ್ಲಿಟ್ಟು ಚಕ್ರಕ್ಕೆ ಅಡ್ಡ ಕೊಡಿ ಅಂದರು.

ಪೆಟ್ರೋಲ್ ವಿಷಯದಲ್ಲಿ ನಾನು ಸ್ವಲ್ಪ ಜಗಳ ಆಡಿದೆ. ಅರ್ಧ ಟ್ಯಾಂಕ್ ಸುಮ್ನೆ ಚೆಲ್ಲುವುದಾ, ಹೊಸದು ಬೆರೆಸಿದರೆ ಆಗಲ್ವಾ ಅಂತ. ಅವರು ವಾದ ಮಾಡಲಿಲ್ಲ. ಎಂಜಿನ್ ಹತ್ತಿರದ ಪೈಪ್ ಬಿಚ್ಚಿ ಟ್ಯಾಂಕಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸ್ವಲ್ಪ ಹಿಡಿದರು, ತಮ್ಮ ಕ್ಯಾನಿನ ಹೊಸ ಪೆಟ್ರೋಲನ್ನು ಇನ್ನೊಂದಕ್ಕೆ ಹಾಕಿ ಎರಡನ್ನೂ ಬೆಳಕಿಗೆ ಹಿಡಿದರು. ನನ್ನದು ಕಂದು ಬಣ್ಣಕ್ಕೆ ತಿರುಗಿತ್ತು, ಹಳೇ ಬಣ್ಣದ ಡಬ್ಬಿ ತೆಗೆದ ಹಾಗೆ ಕಮಟು ವಾಸನೆ. ತಳದಲ್ಲಿ ಒಂದು ಪದರ ಬೇರೆಯಾಗಿ ನಿಂತಿತ್ತು. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ, ಅದು ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಕೆಳಗಿಳಿಯುತ್ತವೆ. ಪಂಪ್ ಎಳೆಯುವುದು ಆ ತಳದಿಂದಲೇ ಅಲ್ವಾ? ನಾನು ಬಾಯಿ ಮುಚ್ಚಿಕೊಂಡೆ. ಇಳಿಸಿದ್ದನ್ನು ಚರಂಡಿಗೆ ಸುರಿಯದೆ ಕ್ಯಾನಿನಲ್ಲಿ ತುಂಬಿ ತಗೊಂಡು ಹೋದರು.

ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಕಪ್ಪಗಿತ್ತು, ಆದರೆ ಹಾಲಿನ ಥರ ಬೆಳ್ಳಗಾಗಿರಲಿಲ್ಲ. ಬೆಳ್ಳಗಾಗಿದ್ದರೆ ನೀರು ಬೆರೆತಿದೆ ಅಂತ ಅರ್ಥ. ಆಯಿಲ್, ಫಿಲ್ಟರ್ ಎರಡೂ ಬದಲಾಯಿಸಿದರು. ಆಮೇಲೆ ಸ್ಪಾರ್ಕ್ ಪ್ಲಗ್ ನಾಲ್ಕನ್ನೂ ಬಿಚ್ಚಿ, ಒಂದೊಂದು ತೂತಿಗೂ ನಾಲ್ಕೈದು ಹನಿ ಆಯಿಲ್ ಬಿಟ್ಟು, ಅರ್ಧ ಗಂಟೆ ಸುಮ್ಮನೆ ಕೂತರು. ಎದ್ದು ಬಂದು ಎಂಜಿನ್ ಜೊತೆಗೇ ತಿರುಗುವ ಕ್ರ್ಯಾಂಕ್ ಪುಲ್ಲಿಗೆ ಪಾನಾ ಹಾಕಿ ಕೈಯಿಂದಲೇ ಎಂಜಿನನ್ನು ಎರಡು ಸುತ್ತು ತಿರುಗಿಸಿದರು. ಎಲ್ಲೂ ಹಿಡಿದುಕೊಳ್ಳಲಿಲ್ಲ. ಆಗ ಮೊದಲ ಸಲ ಅವರ ಮುಖದಲ್ಲಿ ನಗು ನೋಡಿದೆ.

ಕೀ ಜೇಬಿನಿಂದ ಆಚೆ ಬಂದಿದ್ದು ಆಮೇಲೆ. ಪ್ಲಗ್ ಹಾಕದೆ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಮತ್ತು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿಟ್ಟು ಐದೈದು ಸೆಕೆಂಡು ಸೆಲ್ಫ್ ಹೊಡೆದರು. ಆಯಿಲ್ ಲೈಟ್ ಆರಿದ ಮೇಲಷ್ಟೇ ಎಲ್ಲ ಜೋಡಿಸಿದರು. ಮೂರನೇ ಸಲಕ್ಕೆ ಸ್ಟಾರ್ಟ್ ಆಯಿತು. ಒಂದಷ್ಟು ಹೊಗೆ, ಕಟಕಟ ಸದ್ದು, ಆಮೇಲೆ ಎಲ್ಲ ತಣ್ಣಗೆ. ಮೀಟರ್ ಇಟ್ಟು 14.2 ವೋಲ್ಟ್ ತೋರಿಸಿದರು, ಅಂದರೆ ಚಾರ್ಜಿಂಗ್ ಸರಿ ಇದೆ.

ನಾನು ಸೀಟಿಗೆ ಹತ್ತುವುದಕ್ಕೆ ಹೋದೆ. ಬಿಡಲಿಲ್ಲ. ಸ್ಟಾರ್ಟ್ ಆಗಿದೆ ಅಷ್ಟೇ, ನಿಲ್ಲುತ್ತದೆ ಅಂತ ಎಲ್ಲಿ ಗೊತ್ತು ಅಂದರು. ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸಿದರು. ಇದೂ ತೇವ ಹೀರುವ ಜಾತಿಯದೇ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಅಂದರೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ನೀರು ಸೇರಿದ್ದಕ್ಕೆ ಆ ಲೆಕ್ಕ 155ಕ್ಕೆ ಇಳಿಯುತ್ತದೆ. ಕುದ್ದು ಗುಳ್ಳೆ ಎದ್ದರೆ ಪೆಡಲ್ ಸುಮ್ಮನೆ ಕೆಳಗೆ ಹೋಗುತ್ತದೆ. ಮುಂದಿನ ಡಿಸ್ಕ್ ಮೇಲಿನ ತುಕ್ಕಿಗೆ ಮಾತ್ರ ಏನೂ ಮಾಡಲಿಲ್ಲ. ನಿಧಾನವಾಗಿ ಹತ್ತು ಸಲ ಬ್ರೇಕ್ ಹಾಕಿದ ಮೇಲೆ ತಾನೇ ಹೋಯಿತು. ಒಂದು ಸುತ್ತು ಹೋಗಿ ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯುವುದಕ್ಕೆ ಹೇಳಿದರು. ಹಿಂದಿನ ಎಡಗಡೆಯದು ಉಳಿದವಕ್ಕಿಂತ ಜಾಸ್ತಿ ಬಿಸಿ. ಬೇಸರ ಮಾಡದೆ ಮತ್ತೆ ಬಿಚ್ಚಿ ಕೂತರು.

ಈಗ ತಕರಾರು. ಟೈರ್ ವಿಷಯ ಬಿಲ್ ಕೊಟ್ಟ ಮೇಲೆ ಹೇಳಿದರು. ಟೈರಿನ ಪಕ್ಕ ಇರುವ ನಾಲ್ಕು ಅಂಕಿ 1117, ಅಂದರೆ 2017ರ 11ನೇ ವಾರದ್ದು. ಬದಿಯಲ್ಲೆಲ್ಲ ಸಣ್ಣ ಸಣ್ಣ ಬಿರುಕು. ಇದರಲ್ಲಿ ಹೈವೇಗೆ ಹೋಗಬೇಡಿ, ಟೈರ್ ಅಂಗಡಿ ತನಕ ನಿಧಾನವಾಗಿ ಹೋಗಿ ಬದಲಾಯಿಸಿ ಅಂದರು. ಮಾತು ಸರಿ. ಆದರೆ ಇದನ್ನು ಬೆಳಿಗ್ಗೆಯೇ ಹೇಳಿದ್ದರೆ ನಾನು ಲೆಕ್ಕ ಹಾಕಿಕೊಳ್ಳುತ್ತಿದ್ದೆ, ಬಂದ ಕೂಡಲೇ ಕಣ್ಣಿಗೆ ಬೀಳುವ ವಿಷಯವಲ್ಲವಾ? ಆದರೂ ಇಷ್ಟಕ್ಕೇ ಸ್ಟಾರ್ ಕಿತ್ತುಕೊಳ್ಳುತ್ತಿರಲಿಲ್ಲ.

ಹೊಸ ಟೈರ್ ಹಾಕಿಸಿ, ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟು, ಜಂಬದಿಂದ ಎಸಿ ಹಾಕಿದೆ. ಗ್ಲೋವ್ ಬಾಕ್ಸ್ ಹಿಂದೆ ಕ್ಯಾಬಿನ್ ಫಿಲ್ಟರ್ ಅಂತ ಇನ್ನೊಂದು ಇರುತ್ತದೆ. ಅದನ್ನು ಅವರು ತೆಗೆದೇ ನೋಡಿರಲಿಲ್ಲ. ಇಲಿಯ ಎರಡನೇ ಮನೆ ಅಲ್ಲಿತ್ತು. ಅದರ ಸ್ಪಂಜು, ಎಲೆ, ಧೂಳು ಎಲ್ಲ ನಮ್ಮ ಮುಖಕ್ಕೇ ಬಂತು. ಫೋನ್ ಮಾಡಿದೆ, ಮಾರನೇ ದಿನ ಬಂದು ದುಡ್ಡು ತಗೊಳ್ಳದೆ ಕ್ಲೀನ್ ಮಾಡಿಕೊಟ್ಟರು. ವಾಸನೆ ಇನ್ನೂ ಸ್ವಲ್ಪ ಇದೆ.