ಆಲ್ಪೈನ್ ಸ್ನೋಬೋರ್ಡಿನ ಹಾರ್ಡ್‌ಬೂಟು: ಆರು ಚಳಿಗಾಲ ಹಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬೂಟು ಒಳ್ಳೆಯದೇ. ಆದರೆ ಅದು ನನ್ನ ಕಾಲಿಗೆ ಸರಿಯಾಗಲು ಒಂದೂವರೆ ಚಳಿಗಾಲ ಹಿಡಿಯಿತು. ಅಷ್ಟು ದಿನ ತಿಂದ ನೋವು ಪೂರ್ತಿ ಬೇಡದ ನೋವು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಕೆಲಸದ ಮೇಲೆ ಏಳೆಂಟು ವರ್ಷ ಮ್ಯೂನಿಕ್‌ನಲ್ಲಿದ್ದೆ, ಹಲಗೆಗೆ ಕಾಲು ಕಟ್ಟಿಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡ್ ಕಲಿತದ್ದು ಅಲ್ಲೇ. 2022ರಲ್ಲಿ ಊರಿಗೆ ಬಂದೆ. ಈಗ ವರ್ಷಕ್ಕೊಮ್ಮೆ ಜನವರಿಯಲ್ಲಿ ಆಫೀಸಿನ ಕೆಲಸಕ್ಕೆ ಹೋದಾಗ ಎರಡು ವಾರ ರಜೆ ಸೇರಿಸಿಕೊಂಡು ಬೆಟ್ಟಕ್ಕೆ ಹೋಗುತ್ತೇನೆ. ಈ ಬೂಟು ತೆಗೆದುಕೊಂಡದ್ದು 2018ರಲ್ಲಿ. ನಡುವೆ 2020-21ರ ಚಳಿಗಾಲ ಕೊರೊನಾ ಅಂತ ಜರ್ಮನಿಯಲ್ಲಿ ಬೆಟ್ಟ ಹತ್ತಿಸುವ ಲಿಫ್ಟುಗಳೇ ಮುಚ್ಚಿದ್ದವು, ಅದನ್ನು ಬಿಟ್ಟು ಆರು ಚಳಿಗಾಲ, ಒಟ್ಟು ತೊಂಬತ್ತು ದಿನದ ಆಸುಪಾಸು ಹಾಕಿದ್ದೇನೆ. ಕಂಪೆನಿಯ ಹೆಸರು ಬರೆಯುವುದಿಲ್ಲ. ಯುರೋಪಿನದ್ದು, ನಾಲ್ಕು ಬಕಲ್, ಹೊರಗೆ ಪಾಲಿಯುರಿಥೇನ್ ಪ್ಲಾಸ್ಟಿಕ್ಕಿನ ಗಟ್ಟಿ ಕವಚ, ಅಂದರೆ ಶೆಲ್, ಒಳಗೆ ಬಿಸಿ ಮಾಡಿ ಕಾಲಿನ ಅಚ್ಚಿಗೆ ತರುವ ಮೆತ್ತನೆಯ ಒಳಬೂಟು, ಅಂದರೆ ಲೈನರ್. ಈ ಜಾತಿಯ ಯಾವ ಬೂಟಿಗಾದರೂ ನಾನು ಹೇಳುವುದು ಹೆಚ್ಚುಕಡಿಮೆ ಹೊಂದುತ್ತದೆ.

ಟಿವಿಯಲ್ಲಿ ಸ್ನೋಬೋರ್ಡ್ ಕಟ್ಟಿಕೊಂಡು ಹಾರಿ ತಿರುಗುವವರು ಹಾಕುವುದು ಮೆತ್ತನೆಯ ಬೂಟು. ಆಲ್ಪೈನ್ ಬೇರೆ. ಬೋರ್ಡು ಸಪೂರ, ಉದ್ದ. ಬೂಟು ಸ್ಕೀ ಬೂಟಿನ ಹಾಗೆ ಗಟ್ಟಿ ಪ್ಲಾಸ್ಟಿಕ್, ಬೂಟನ್ನು ಬೋರ್ಡಿಗೆ ಹಿಡಿದಿಡುವ ಬೈಂಡಿಂಗ್ ಲೋಹದ ಪ್ಲೇಟು. ಯಂತ್ರ ಓಡಿಸಿ ಸಮ ಮಾಡಿದ ಗಟ್ಟಿ ಹಿಮದ ಮೇಲೆ ಅಂಚಿನಲ್ಲೇ ಕೊರೆದುಕೊಂಡು ಇಳಿಯುವುದು, ಒಂದು ತಿರುವಿನಿಂದ ಇನ್ನೊಂದಕ್ಕೆ ಮೈ ಪೂರ್ತಿ ವಾಲಿಸಿಕೊಂಡು. 1998ರಲ್ಲಿ ನಾಗಾನೊ ಒಲಿಂಪಿಕ್ಸಿಗೆ ಸ್ನೋಬೋರ್ಡ್ ಮೊದಲ ಸಲ ಬಂದಾಗ ಅದರಲ್ಲಿ ಕಂಬಗಳ ನಡುವೆ ತಿರುಗುತ್ತ ಇಳಿಯುವ ಆಲ್ಪೈನ್ ಸ್ಪರ್ಧೆ, ಜೈಂಟ್ ಸ್ಲಾಲಂ, ಇತ್ತು. ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ 2018ರಲ್ಲಿ ಒಂದೇ ಒಲಿಂಪಿಕ್ಸಿನಲ್ಲಿ ಸ್ಕೀಯಲ್ಲೂ ಆಲ್ಪೈನ್ ಸ್ನೋಬೋರ್ಡಿನಲ್ಲೂ ಚಿನ್ನ ಗೆದ್ದಳಲ್ಲ, ಅದನ್ನು ನೋಡಿದ ಮೇಲೇ ನನಗೆ ಈ ಹುಚ್ಚು ಗಟ್ಟಿಯಾಗಿ ಹಿಡಿದದ್ದು.

ಹಾರ್ಡ್‌ಬೂಟಿಗೆ ಹೋಗಲು ಇನ್ನೊಂದು ಕಾರಣವೂ ಇತ್ತು. ಅದಕ್ಕೂ ಹಿಂದೆ, ಬಾಡಿಗೆಯ ಮೆತ್ತನೆ ಬೂಟು ಹಾಕುತ್ತಿದ್ದ ಕಾಲದಲ್ಲಿ, ಒಂದು ಸಣ್ಣ ಹಾರಿಕೆಯಲ್ಲಿ ಕಾಲು ತಿರುಚಿ ಬಿದ್ದೆ. ಎಕ್ಸ್‌ರೇ ತೆಗೆದರು, ಎಲುಬಿಗೆ ಏನೂ ಆಗಿಲ್ಲ, ಉಳುಕು ಅಷ್ಟೇ ಅಂದರು. ಮರುವಾರ ಊರಿಗೆ ಬರುವುದಿತ್ತು. ಅಮ್ಮ ದಿನಾ ಮುರಿವೆಣ್ಣೆ ಹಚ್ಚಿ ತಿಕ್ಕಿದರು, ಪಕ್ಕದ ಊರಿನ ಉಳುಕು ತೆಗೆಯುವವರೂ ಬಂದು ಹೋದರು. ನಾಲ್ಕು ವಾರವಾದರೂ ಹೊರಗಿನ ಗಿಣ್ಣಿನ ಸ್ವಲ್ಪ ಕೆಳಗೆ, ಮುಂದಕ್ಕೆ, ಒಂದೇ ಜಾಗದಲ್ಲಿ ಚುಚ್ಚುವ ನೋವು ಹೋಗಲಿಲ್ಲ. ಕೊನೆಗೆ ಮಂಗಳೂರಿಗೆ ಹೋಗಿ ಸಿಟಿ ಸ್ಕ್ಯಾನ್ ಮಾಡಿಸಿದಾಗ ಗೊತ್ತಾಯಿತು, ಪಾದದ ಕೀಲಿನಲ್ಲಿರುವ ಟೇಲಸ್ ಎಂಬ ಎಲುಬಿನ ಹೊರ ಅಂಚು ಮುರಿದಿದೆ. ಸ್ನೋಬೋರ್ಡರ್ಸ್ ಆಂಕಲ್ ಅಂತಲೇ ಇದಕ್ಕೆ ಹೆಸರಿದೆ. ಮಾಮೂಲಿ ಎಕ್ಸ್‌ರೇಯಲ್ಲಿ ಇದು ಸುಲಭಕ್ಕೆ ಕಾಣುವುದಿಲ್ಲ, ಉಳುಕಿನ ಹಾಗೇ ಇರುತ್ತದೆ. ದಯವಿಟ್ಟು ಇದೊಂದು ನೆನಪಿಡಿ: ಸ್ನೋಬೋರ್ಡಿನಿಂದ ಬಿದ್ದು ಆ ಜಾಗದಲ್ಲಿ ನೋವು ನಿಂತರೆ ಸಿಟಿ ಬೇಕಾ ಅಂತ ಡಾಕ್ಟರ ಹತ್ತಿರ ನೀವೇ ಕೇಳಿ. ತಿಕ್ಕಿಸಲು ಹೋಗಬೇಡಿ. ಮುರಿದ ತುಂಡಿನ ಮೇಲೆ ನಾಲ್ಕು ವಾರ ತಿಕ್ಕಿಸಿಕೊಂಡವನು ಹೇಳುತ್ತಿದ್ದೇನೆ.

ಗಟ್ಟಿ ಬೂಟಿನಲ್ಲಿ ಪಾದದ ಕೀಲು ಹಾಗೆ ತಿರುಚುವುದಿಲ್ಲ, ಅದು ನಿಜ. ಆದರೆ ಬಿದ್ದ ಪೆಟ್ಟು ಎಲ್ಲಿಗಾದರೂ ಹೋಗಬೇಕಲ್ವಾ? ಮೇಲಕ್ಕೆ ಹೋಗುತ್ತದೆ, ಮೊಣಕಾಲಿಗೆ ಮತ್ತು ಅದರ ಕೆಳಗಿನ ಎಲುಬಿಗೆ. ಸ್ಕೀ ಬೈಂಡಿಂಗ್ ಬಿದ್ದಾಗ ಬಿಟ್ಟುಕೊಳ್ಳುತ್ತದೆ, ಪ್ಲೇಟ್ ಬೈಂಡಿಂಗ್ ಬಿಡುವುದಿಲ್ಲ. ನನಗೆ ಮೊಣಕಾಲು ನೋವಾದದ್ದು ಮಾತ್ರ ಬಿದ್ದಾಗಲೂ ಅಲ್ಲ. ಲಿಫ್ಟಿನಿಂದ ಇಳಿಯುವಾಗ ಮುಂದಿನ ಕಾಲು ಬೋರ್ಡಿಗೆ ಕಟ್ಟಿರುತ್ತದೆ, ಹಿಂದಿನದು ಬಿಡಿ. ಆಗ ಬೋರ್ಡಿನ ಮೂತಿ ಹಿಮಕ್ಕೆ ಸಿಕ್ಕಿ ತಿರುಗಿತು, ಮೊಣಕಾಲೂ ಜೊತೆಗೇ ತಿರುಗಿತು. ಆ ವರ್ಷದ ಉಳಿದ ದಿನ ಮನೆಯಲ್ಲೇ. ಈಗ ಇಳಿಯುವ ಮೊದಲೇ ಬೋರ್ಡು ನೇರ ಮಾಡಿಕೊಂಡು ಹಿಂದಿನ ಕಾಲನ್ನು ಎರಡು ಬೈಂಡಿಂಗ್‌ಗಳ ನಡುವಿನ ರಬ್ಬರ್ ತುಂಡಿನ ಮೇಲೆ ಇಟ್ಟುಕೊಳ್ಳುತ್ತೇನೆ. ಮಣಿಕಟ್ಟಿಗೆ ಗಾರ್ಡ್ ಹಾಕುವುದಂತೂ ಬಿಟ್ಟಿಲ್ಲ, ಸ್ನೋಬೋರ್ಡಿನಲ್ಲಿ ಅತಿ ಹೆಚ್ಚು ಮುರಿಯುವುದು ಮಣಿಕಟ್ಟೇ.

ಈಗ ಅಳತೆಯ ವಿಷಯ. ಎಲ್ಲಾ ತೊಂದರೆ ಶುರುವಾದದ್ದು ಇಲ್ಲಿಂದ.

ನನ್ನ ಕಾಲು ಉದ್ದಕ್ಕೆ 26.4 ಸೆಂಟಿಮೀಟರ್, ಬೆರಳ ಬುಡದಲ್ಲಿ ಅಗಲ 106 ಮಿಲಿಮೀಟರ್. ಚಿಕ್ಕಂದಿನಿಂದ ಅಡಿಕೆ ತೋಟದಲ್ಲಿ, ಮುರಕಲ್ಲಿನ ದಾರಿಯಲ್ಲಿ ಬರಿಗಾಲಲ್ಲೇ ಓಡಾಡಿದ ಕಾಲು, ಬೆರಳುಗಳು ಬೀಸಣಿಗೆಯ ಹಾಗೆ ಹರಡಿಕೊಂಡಿವೆ. ನಮ್ಮ ಕಡೆ ಹೆಚ್ಚಿನವರದ್ದು ಹೀಗೇ. ಬೂಟಿನ ಅಚ್ಚಿನ ಅಗಲ 98 ಮಿಲಿಮೀಟರ್ ಅಂದರೆ ಸಪೂರ, 100 ಅಂದರೆ ಮಧ್ಯಮ, 102ರ ಮೇಲೆ ಅಗಲ. ಈ ಅಳತೆ 26.5 ಸೈಜಿನ ಆಸುಪಾಸಿಗೆ ಹೇಳುವುದು, ಸೈಜು ಅಂದರೆ ಸೆಂಟಿಮೀಟರಿನಲ್ಲಿ ಪಾದದ ಉದ್ದ. ಅಂಗಡಿಯಲ್ಲಿ 26.5 ಹಾಕಿ ನೋಡಿದೆ. ಕಿರುಬೆರಳಿನ ಬುಡ ಹಿಂಡಿದ ಹಾಗಾಯಿತು. ದೊಡ್ಡದು ಕೊಡಿ ಅಂದೆ, 28 ಕೊಟ್ಟರು. ಆಹಾ, ಎಷ್ಟು ಸುಖ ಅನಿಸಿತು. ಅಂಗಡಿಯವರು ಒಂದು ಮಾತು ಹೇಳಿ ತಡೆಯಬೇಕಿತ್ತು, ತಡೆಯಲಿಲ್ಲ.

ಕಾರ್ಪೆಟ್ ಮೇಲೆ ಸುಖವಾಗಿದ್ದ ಆ ಬೂಟು ಬೆಟ್ಟದಲ್ಲಿ ಮೂರು ದಿನಕ್ಕೆ ಕಾಲನ್ನು ಹಣ್ಣು ಮಾಡಿತು. ಹಿಮ್ಮಡಿ ಒಳಗೆ ಮೇಲೆ ಕೆಳಗೆ ಆಡುತ್ತಿತ್ತು. ಆಡಬಾರದು ಅಂತ ಬಕಲ್ ಬಿಗಿದೆ. ಬಿಗಿದರೆ ಪಾದದ ಮೇಲ್ಭಾಗದಲ್ಲಿ ಹೋಗುವ ನರ, ರಕ್ತನಾಳ ಒತ್ತಿಹೋಗಿ ಬೆರಳು ಜೋಮು ಹಿಡಿಯುತ್ತಿತ್ತು. ಜೋಮು ಹಿಡಿದ ಬೆರಳು ಚಳಿಗೆ ಇನ್ನೂ ಬೇಗ ಸೋಲುತ್ತದೆ. ಕಾಲು ತಣ್ಣಗಾಯಿತು ಅಂತ ಎರಡು ಜೊತೆ ಸಾಕ್ಸ್ ಹಾಕಿದೆ, ಒತ್ತಡ ಇನ್ನೂ ಜಾಸ್ತಿಯಾಯಿತು. ಕಾಲು ಮುಂದೆ ಜಾರಿ ಜಾರಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು, ಒಂದು ಕಿತ್ತೇ ಬಂತು. ಯಕ್ಷಗಾನಕ್ಕೆ ಗೆಜ್ಜೆ ಕಟ್ಟಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಸಡಿಲ ಕಟ್ಟಿದರೆ ಜಾರುತ್ತದೆ, ಜಾರದ ಹಾಗೆ ಎಳೆದು ಕಟ್ಟಿದರೆ ಕುಣಿಯುವ ಮೊದಲೇ ಕಾಲು ಸತ್ತ ಹಾಗಾಗುತ್ತದೆ. ಬರೇ ಬಿಗಿತದಿಂದ ಸರಿ ಮಾಡುವ ತೊಂದರೆ ಅಲ್ಲ ಅದು.

ಇನ್ನೊಂದು ಅಪಾಯವೂ ಇತ್ತು. ಆಲ್ಪೈನ್ ಬೋರ್ಡು ಸಪೂರ ಅಂದೆನಲ್ಲ, ದೊಡ್ಡ ಬೂಟಿನ ಮೂತಿ ಮತ್ತು ಹಿಮ್ಮಡಿ ಬೋರ್ಡಿನ ಅಂಚು ದಾಟಿ ಹೊರಗೆ ಬರುತ್ತದೆ. ಜೋರಾಗಿ ವಾಲಿದಾಗ ಬೂಟೇ ಹಿಮಕ್ಕೆ ತಾಗಿ ಅಂಚು ಎದ್ದುಬಿಡುತ್ತದೆ. ಹಾಗೆ ಎರಡು ಸಲ ಬಿದ್ದೆ, ಒಮ್ಮೆ ಸೊಂಟಕ್ಕೆ ಪೆಟ್ಟಾಯಿತು.

ಮರು ಚಳಿಗಾಲದ ನಡುವೆ ಆಸ್ಟ್ರಿಯಾದ ಇನ್ನೊಂದು ಅಂಗಡಿಗೆ ಹೋದೆ, ಬೂಟು ಹೊಂದಿಸುವುದನ್ನೇ ಕಸುಬು ಮಾಡಿಕೊಂಡ ಹಿರಿಯರೊಬ್ಬರು ಇದ್ದರು. ಮೊದಲು ಲೈನರ್ ಪೂರ್ತಿ ಹೊರಗೆ ತೆಗೆದರು. ಬರೀ ಶೆಲ್ಲಿನೊಳಗೆ ಕಾಲಿಟ್ಟು ಬೆರಳು ಮುಂದೆ ತಾಗುವ ಹಾಗೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಟಾರ್ಚ್ ಬಿಟ್ಟು ನೋಡಿದರು. ಅಲ್ಲಿ ಒಂದರಿಂದ ಎರಡು ಸೆಂಟಿಮೀಟರ್ ಜಾಗ ಇರಬೇಕು, ಅಂದರೆ ಒಂದು ಬೆರಳು, ಹೆಚ್ಚೆಂದರೆ ಎರಡು. ನನ್ನದರಲ್ಲಿ ಮೂರು ಬೆರಳಿಗಿಂತ ಜಾಸ್ತಿ ಇತ್ತು. 26.5ಕ್ಕೆ ಬದಲಿಸಿದೆವು. ಸಾಮಾನ್ಯವಾಗಿ 26 ಮತ್ತು 26.5ಕ್ಕೆ ಶೆಲ್ ಒಂದೇ ಇರುತ್ತದೆ, ಅರ್ಧ ಸೈಜಿನ ವ್ಯತ್ಯಾಸ ಒಳಗಿನದ್ದು ಮಾತ್ರ.

ಹಾಗಾದರೆ ಅಗಲ? ಅಗಲಕ್ಕೆ ಉದ್ದದಲ್ಲಿ ಮದ್ದು ಹುಡುಕಬಾರದು, ಶೆಲ್ಲನ್ನೇ ಆ ಜಾಗದಲ್ಲಿ ಹಿಗ್ಗಿಸಬೇಕು. ಪ್ಲಾಸ್ಟಿಕನ್ನು ಬಿಸಿ ಮಾಡಿ ಒಳಗಿನಿಂದ ಒತ್ತಿ, ತಣ್ಣಗಾಗುವವರೆಗೆ ಹಾಗೇ ಬಿಡುತ್ತಾರೆ. ಅದಕ್ಕೆ ಪಂಚ್ ಅನ್ನುತ್ತಾರೆ. ನನ್ನದಕ್ಕೆ ಎರಡು ಕಡೆ ಮಾಡಿದರು, ಕಿರುಬೆರಳಿನ ಬುಡ ಮತ್ತು ಒಳಗಿನ ಗಿಣ್ಣಿನ ಮುಂದೆ ಉಬ್ಬಿರುವ ಎಲುಬು. ಜಾಗ ಗುರುತಿಸಲು ಲೈನರಿನ ಹೊರಗೆ ಲಿಪ್‌ಸ್ಟಿಕ್ ಹಚ್ಚಿ ಶೆಲ್ಲಿಗೆ ತೂರಿಸಿದರು, ಒತ್ತುವ ಕಡೆ ಕಲೆ ಬಿತ್ತು. ಈಚೆಗೆ ಮನೆಯಲ್ಲಿ ಕುಂಕುಮಕ್ಕೆ ತೆಂಗಿನೆಣ್ಣೆ ಬೆರೆಸಿ ಹಾಗೇ ಮಾಡಿ ನೋಡಿದೆ, ಚೆನ್ನಾಗಿ ಅಂಟುತ್ತದೆ.

ಆಮೇಲೆ ಲೈನರ್. ಓವನ್ನಿನಲ್ಲಿ ನೂರ ಹತ್ತು, ನೂರ ಇಪ್ಪತ್ತು ಡಿಗ್ರಿಯಲ್ಲಿ ಹತ್ತು ನಿಮಿಷದ ಹಾಗೆ ಬಿಸಿ ಮಾಡಿ, ಬೆರಳಿಗೆ ಒಂದು ಸಣ್ಣ ಟೋಪಿ ಹಾಕಿ, ಬೂಟಿನಲ್ಲಿ ಅಲ್ಲಾಡದೆ ನಿಂತುಕೊಳ್ಳಬೇಕು. ಬೆರಳಿನ ಟೋಪಿ ತೆಗೆದಾಗ ಉಳಿಯುವ ಜಾಗವೇ ಬೆರಳು ಆಡಿಸಲು ಸಿಗುವ ಜಾಗ. ಪಾದದ ಕಮಾನಿಗೆ ಗಟ್ಟಿ ಇನ್‌ಸೋಲ್ ಕೂಡ ಹಾಕಿಸಿದೆ. ಮೊದಲೆಲ್ಲ ಅರ್ಧ ತಾಸಿಗೆ ಅಂಗಾಲು ಸೆಟೆದುಕೊಂಡು ಹಿಮದಲ್ಲೇ ಕೂತುಬಿಡುತ್ತಿದ್ದೆ, ಇನ್‌ಸೋಲ್ ಬಂದ ಮೇಲೆ ಅದು ನಿಂತೇ ಹೋಯಿತು. ಬಕಲ್ ಈಗ ಬೆರಳಿನ ಹತ್ತಿರದ್ದು ಸುಮ್ನೆ ಸಿಕ್ಕಿಸಿಟ್ಟದ್ದು ಅಷ್ಟೇ, ಹಿಮ್ಮಡಿ ಹಿಡಿಯುವ ಗಿಣ್ಣಿನ ಬಕಲಿಗೆ ಬಿಗಿತ. ಸಾಕ್ಸ್ ಒಂದೇ ಜೊತೆ, ತೆಳ್ಳಗಿನ ಉಣ್ಣೆಯದ್ದು. ಚಳಿಗೆ ಒಳಗೆ ಹಾಕುವ ಉದ್ದ ಪ್ಯಾಂಟಿನ ಅಂಚು ಬೂಟಿನೊಳಗೆ ಹೋಗಬಾರದು, ಒಂದು ಸುಕ್ಕು ಸಾಕು ಸಂಜೆಗೆ ಗುಳ್ಳೆ ಏಳಲು.

ಮೊಣಕಾಲ ಕೆಳಗಿನ ಎಲುಬಿನ ಮುಂಭಾಗಕ್ಕೆ ಬೂಟಿನ ನಾಲಿಗೆ ಬಡಿದು ನೀಲಿಗಟ್ಟುವುದು ಇನ್ನೂ ಒಂದು ವರ್ಷ ಇತ್ತು. ಎಲ್ಲರೂ ಅಲ್ಲಿಗೆ ಸ್ಪಂಜು ತುಂಬು ಅಂದರು. ತುಂಬಿದೆ, ಪ್ರಯೋಜನ ಇಲ್ಲ. ಕಾರಣ ಬೇರೆ ಇತ್ತು. ನಾನು ಮೇಲಿನ ಬಕಲ್ ಸಡಿಲ ಬಿಡುತ್ತಿದ್ದೆ. ಕಾಲಿಗೂ ನಾಲಿಗೆಗೂ ನಡುವೆ ಸಂದು ಇದ್ದಾಗ ಪ್ರತಿ ಗುಂಡಿಗೂ ಕಾಲು ಹೋಗಿ ಬಡಿಯುತ್ತದೆ, ಸಂದಿಲ್ಲದಿದ್ದರೆ ಒರಗಿಕೊಂಡಿರುತ್ತದೆ. ಮೇಲಿನ ಬಕಲ್ ಕಟ್ಟಿ ಪಟ್ಟಿ ಎಳೆದ ಮೇಲೆ ನೋವು ಅರ್ಧಕ್ಕಿಳಿಯಿತು. ಉಳಿದರ್ಧ ಹೋದದ್ದು ಬೈಂಡಿಂಗ್ ಅಡಿಗೆ ಮೂರು ಡಿಗ್ರಿಯ ಓರೆ ತುಂಡು ಹಾಕಿದಾಗ, ಮುಂದಿನ ಕಾಲಿಗೆ ಬೆರಳು ಎತ್ತರ, ಹಿಂದಿನ ಕಾಲಿಗೆ ಹಿಮ್ಮಡಿ ಎತ್ತರ. ನನ್ನ ಬೈಂಡಿಂಗುಗಳು ಬೋರ್ಡಿನ ಮೂತಿಯ ಕಡೆಗೆ ತಿರುಗಿರುವ ಕೋನ ಮುಂದೆ 60 ಡಿಗ್ರಿ, ಹಿಂದೆ 55. ಸಮತಟ್ಟು ಇದ್ದಾಗ ಹಿಂದಿನ ಕಾಲಿನ ಹಿಮ್ಮಡಿ ತಾನಾಗಿ ಮೇಲೆ ಎಳೆಯುತ್ತಿತ್ತು, ನಾನು ಅದನ್ನೂ ಬೂಟಿನ ದೋಷ ಅಂದುಕೊಂಡಿದ್ದೆ.

2023ರ ಫೆಬ್ರವರಿಯಲ್ಲಿ ಇದೇ ಬೂಟು ಕಾಶ್ಮೀರದ ಗುಲ್ಮಾರ್ಗಿಗೂ ಬಂದಿತ್ತು. ಕೇಬಲ್ ಕಾರಿನಲ್ಲಿ ಮೇಲೆ ಅಫರ್ವಾತ್ ಬೆಟ್ಟದ ತನಕ ಹೋದರೆ ಇರುವುದು ಆಳದ ಪುಡಿ ಹಿಮ, ಅಲ್ಲಿಗೆ ಮೆತ್ತನೆ ಬೂಟು ಮತ್ತು ಅಗಲ ಬೋರ್ಡೇ ಸರಿ. ಹಾರ್ಡ್‌ಬೂಟು ಹಾಕಿ ಹೋಗಬೇಕು ಅಂತಿದ್ದರೆ ಕೆಳಗಿನ ಇಳಿಜಾರಿಗಷ್ಟೇ. ಅಲ್ಲಿ ನಾನು ಮಾಡಿದ ತಪ್ಪು, ಒದ್ದೆ ಲೈನರನ್ನು ರಾತ್ರಿ ಬುಖಾರಿ ಒಲೆಯ ಪಕ್ಕ ಇಟ್ಟದ್ದು. ಬಿಸಿಗೆ ಅಚ್ಚಾಗುವ ವಸ್ತು ಬಿಸಿಗೆ ಅಚ್ಚು ಕಳೆದುಕೊಳ್ಳುತ್ತದೆ ಅಂತ ಹೊಳೆಯಲೇ ಇಲ್ಲ. ಬೆಳಿಗ್ಗೆ ಎಡ ಲೈನರಿನ ಒಂದು ಬದಿ ಸೊಟ್ಟಗಾಗಿತ್ತು. ಮತ್ತೆ ಅಂಗಡಿಯ ಓವನ್ನಿಗೆ ಹಾಕಿಸಿ ಸರಿ ಮಾಡಿದ್ದು ಮುಂದಿನ ಜನವರಿಯಲ್ಲಿ.

ಊರಿನಲ್ಲಿ ಇದನ್ನು ಇಟ್ಟುಕೊಳ್ಳುವುದೇ ಒಂದು ಕೆಲಸ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ. ಆಟಿಯಲ್ಲಿ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲದಕ್ಕೂ ಬೂಷ್ಟು ಬರುತ್ತದೆ, ಲೈನರಿಗೆ ಬಾರದೆ ಇರುತ್ತದಾ? ಮೊದಲ ಮಳೆಗಾಲ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನಲ್ಲಿಟ್ಟೆ. ಸೆಪ್ಟೆಂಬರಿನಲ್ಲಿ ತೆಗೆದಾಗ ಒಳಗೆಲ್ಲ ಹಸಿರು. ಮತ್ತೊಂದು ಚಿಂತೆ ಶೆಲ್ಲಿನದ್ದು. ಪಾಲಿಯುರಿಥೇನ್ ತೇವ ಮತ್ತು ಸೆಖೆಗೆ ವರ್ಷಗಟ್ಟಲೆ ಮೈಯೊಡ್ಡಿದರೆ ಒಳಗೊಳಗೇ ಬಲ ಕಳೆದುಕೊಳ್ಳುತ್ತದೆ, ಹಳೆ ಟ್ರೆಕ್ಕಿಂಗ್ ಶೂಗಳ ಅಟ್ಟೆ ಪುಡಿಯಾಗುವುದು ಇದೇ ಕಾರಣಕ್ಕೆ. ವೇಗದಲ್ಲಿ ಇಳಿಯುವಾಗ ಶೆಲ್ ಒಡೆದರೆ ಕಾಲು ಉಳಿಯುತ್ತದೆ ಅಂತ ಹೇಳಲಾಗುವುದಿಲ್ಲ. ಹಾಗಾಗಿ ಈಗ ಲೈನರ್, ಇನ್‌ಸೋಲ್ ಬೇರೆ ಮಾಡಿ, ಶೆಲ್ಲಿನ ಬಕಲ್ ಸಡಿಲವಾಗಿ ಸಿಕ್ಕಿಸಿ, ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ತಿಂಗಳಿಗೊಮ್ಮೆ ಜೆಲ್ ಬಿಸಿ ಮಾಡಿ ಒಣಗಿಸುತ್ತೇನೆ. ಅಡುಗೆಮನೆಯ ಅಟ್ಟ ಒಣಗಿದ ಜಾಗ ಅಂತ ಅಪ್ಪ ಹೇಳಿದರು, ಆದರೆ ಅಲ್ಲಿ ಬಿಸಿ ಜಾಸ್ತಿ, ಬೇಡ ಅಂದೆ.

ಎರಡು ಅಟ್ಟೆ ತುಂಡು, ಒಂದು ಬಕಲ್ ಈವರೆಗೆ ಬದಲಿಸಿದ್ದೇನೆ. ಲೈನರಿನ ಹಿಮ್ಮಡಿ ತೆಳ್ಳಗಾಗಿದೆ. ಈ ಸೆಪ್ಟೆಂಬರಿನಲ್ಲಿ ನೋಡುವಾಗ ಬಲ ಬೂಟಿನ ಗಿಣ್ಣಿನ ರಿವೆಟ್ಟಿನ ಸುತ್ತ ಕೂದಲೆಳೆಯಂಥ ಬಿಳಿ ಗೆರೆಯೊಂದು ಕಂಡಿತು. ಉಗುರಿಗೆ ಸಿಗುವುದಿಲ್ಲ, ಆದರೂ ಅದನ್ನು ನಂಬಿ ಇನ್ನೊಂದು ಚಳಿಗಾಲ ಇಳಿಯುವ ಧೈರ್ಯ ನನಗಿಲ್ಲ. ಜನವರಿಯಲ್ಲಿ ಹೊಸ ಶೆಲ್ ತೆಗೆದುಕೊಳ್ಳುತ್ತೇನೆ. ದಪ್ಪ ಕಾಗದದ ಮೇಲೆ ಎರಡೂ ಪಾದದ ಗೆರೆ ಎಳೆದು, ಉದ್ದ ಅಗಲ ಬರೆದು, ಪಂಚ್ ಬೇಕಾದ ಎರಡು ಜಾಗಕ್ಕೆ ಕುಂಕುಮದ ಬೊಟ್ಟಿಟ್ಟು ಪಾಸ್‌ಪೋರ್ಟಿನ ಜೊತೆ ಇಟ್ಟಿದ್ದೇನೆ. ಅಂಗಡಿಯಲ್ಲಿ ಮೊದಲು ಆ ಕಾಗದವನ್ನೇ ಬಿಡಿಸಿ ತೋರಿಸುವುದು.